ಕಾಶ್ಯಪ ಗೋತ್ರದ ಸಿಪಾಯಿ

ನಾನು ಹುಟ್ಟುವ ಮೊದಲೇ ಸತ್ತವನೊಬ್ಬನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದರೆ ನಗುತ್ತೀರಿ. ನಗಿ.

ಎಂಬತ್ತರ ದಶಕದ ನಡುವೆ ನಾವು ಅಮೆರಿಕದ ಪಶ್ಚಿಮ ತುದಿಯ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿದ್ದೆವು. ನನ್ನ ಹೆಂಡತಿ ವಾರಕ್ಕೆರಡು ದಿನ ಊರಿನ ಪುಟ್ಟ ಮ್ಯೂಸಿಯಮ್ಮಿಗೆ ಹೋಗಿ ಹಳೆಯ ಕಾಗದಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಎಲ್ಲವೂ ಒಬ್ಬ ಸಿಪಾಯಿ ಬರೆದವು. ಅಮೆರಿಕದ ಅಂತರ್ಯುದ್ಧದಲ್ಲಿ ಕಾಲಿಗೆ ಗುಂಡು ತಿಂದು, ಕುಂಟುತ್ತ ಈ ಕಡೆ ಬಂದು, ಏಪ್ರಿಕಾಟ್ ತೋಟ ಹಾಕಿ, ಕೊನೆಗೆ ರಾಜ್ಯದ ಶಾಸಕನಾದವನು. ಶಾಸನಸಭೆ ನಡೆಯುವಾಗ ರಾಜಧಾನಿ ಸ್ಯಾಕ್ರಮೆಂಟೊದಿಂದ ಹೆಂಡತಿಗೆ ದಿನಾ ಕಾಗದ ಬರೆಯುತ್ತಿದ್ದ.

"ರೀ, ಕೇಳಿ ಇಲ್ಲಿ." ನಾನು ಹುಳಿಯನ್ನ ಕಲಸುವಾಗಲೇ ಶುರು. "ನೀರಿನ ಕಾಲುವೆ ಬಗ್ಗೆ ಭಾಷಣ ಮಾಡಿದ್ರಂತೆ. ಆಮೇಲೆ ಕೇಳ್ತಾರೆ, ಬಾವಿ ಹಗ್ಗ ಬದಲಾಯಿಸಿದ್ಯಾ, ಕೊಟ್ಟಿಗೆ ಬಾಗಿಲು ಹಾಕಿದ್ಯಾ ಅಂತ. ಎಷ್ಟು ಪ್ರೀತಿ ನೋಡಿ!"

ನಾನೂ ದಿನಾ ಆಫೀಸಿನಿಂದ ಫೋನು ಮಾಡಿ, ಸ್ಟವ್ ಆರಿಸಿದೆಯಾ, ಗರಾಜಿನ ಬಾಗಿಲು ಹಾಕಿದೆಯಾ ಎಂದು ಕೇಳುತ್ತಿದ್ದೆ. ಅದಕ್ಕೆ ಅವಳಿಟ್ಟಿದ್ದ ಹೆಸರು ಪೀಡೆ.

"ನಂಗೂ ಕಾಲಿಗೆ ಗುಂಡು ಬಿದ್ದಿದ್ರೆ ಪ್ರೀತಿ ಅಂತಿದ್ದೆಯೇನೋ," ಎಂದೆ.

"ನೆಗಡಿ ಬಂದ್ರೇ ವಿಲ್ಲು ಬರೆಯೋಕೆ ಕೂತ್ಕೋತೀರ. ಗುಂಡಂತೆ, ಗುಂಡು!"

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಕಾಗದಗಳು ಮುಗಿದಿದ್ದವು. ಕಟ್ಟಿನ ಕೊನೆಗಿದ್ದ ಮ್ಯೂಸಿಯಮ್ಮಿನ ಟಿಪ್ಪಣಿಯ ಪ್ರಕಾರ, ಆತನ ಹೆಂಡತಿ ಮೊದಲೇ ತೀರಿಕೊಂಡು, ಮಕ್ಕಳೂ ಇಲ್ಲದೆ, ಆತ ಒಬ್ಬನೇ ಸತ್ತಿದ್ದ.

"ನಾಳೆ ತರ್ಪಣ ಬಿಡುವಾಗ ಅವರಿಗೂ ಒಂದಿಷ್ಟು ನೀರು ಬಿಡ್ರೀ. ದಿಕ್ಕಿಲ್ಲದವರಿಗೆ ಬಿಡಬಹುದಲ್ಲ."

"ಗೋತ್ರ?"

"ಗೊತ್ತಿಲ್ಲದಿದ್ರೆ ಕಾಶ್ಯಪ ಅಂತಾರೆ."

ನಮ್ಮದೂ ಕಾಶ್ಯಪ. ಊಟದ ಹೊತ್ತಿಗೆ ಮನೆಗೆ ನುಗ್ಗುತ್ತಿದ್ದುದು ಸಾಲದೆಂದು ಈಗ ದಾಯಾದಿಯೂ ಆಗಲು ಹೊರಟಿದ್ದ! ದನ ತಿಂದವನನ್ನು ಪಕ್ಕಕ್ಕೆ ಕೂರಿಸಿದರೆ ನಮ್ಮ ತಾತ ಎದ್ದು ಹೋದರೆ? ಆಗುವುದಿಲ್ಲ ಎಂದರೆ ಇವಳು ಇನ್ನಷ್ಟು ಅವನ ಕಡೆ ಸರಿದರೆ? ತಾತನಿಗಿಂತ ಇವಳ ಭಯವೇ ಹೆಚ್ಚಾಗಿ ಒಪ್ಪಿಕೊಂಡೆ.

ನಮಗೆ ಮಂತ್ರ ಹೇಳಿಕೊಡುತ್ತಿದ್ದುದು ಮೈಸೂರಿನ ಪುರೋಹಿತರ ಕ್ಯಾಸೆಟ್ಟು. ಹೆಸರು ಹೇಳಬೇಕಾದ ಕಡೆಯೆಲ್ಲ ಒದ್ದೆ ಬೆರಳಿನಿಂದ ಟೇಪ್‌ರೆಕಾರ್ಡರು ನಿಲ್ಲಿಸಬೇಕು. ನಮ್ಮವರೆಲ್ಲ ಮುಗಿದ ಮೇಲೆ ಅವನ ಹೆಸರು ಹೇಳಿ, ಗೋತ್ರ ಸೇರಿಸಿ, ಎಳ್ಳುನೀರು ಬಿಟ್ಟೆ. ಅವಳು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು.

"ಒಂದೇ ಸಲಾನಾ? ಮಾವನವರಿಗೆ ಮೂರು ಬಿಟ್ರಿ."

"ಹೊರಗಿನವರಿಗೆ ಒಂದೇ ಕಣೇ. ಶಾಸ್ತ್ರ ಇರೋದೇ ಹಾಗೆ."

ಶಾಸ್ತ್ರದ ಮೇಲೆ ನನಗೆ ಅಂದಿನಷ್ಟು ಭಕ್ತಿ ಎಂದೂ ಉಕ್ಕಿರಲಿಲ್ಲ.

ಆಫೀಸು ಸೇರಿದವನೇ ಅಭ್ಯಾಸಬಲದಿಂದ ಫೋನು ಮಾಡಿದೆ. "ಸ್ಟವ್ ಆರಿಸಿದ್ಯಾ?"

ಬೈಗುಳಕ್ಕೆ ಕಾದೆ. ಆ ಕಡೆ ಸಣ್ಣಗೆ ನಕ್ಕಳು.

"ಆರಿಸಿದೀನಿ ರೀ. ಬಾವಿ ಹಗ್ಗಾನೂ ಬದಲಾಯಿಸಿದೀನಿ."

ಅಷ್ಟು ಮೆತ್ತಗಿನ ಉತ್ತರ ಕೇಳಿ ವರ್ಷಗಳಾಗಿದ್ದವು. ಹಿಗ್ಗಿ ಫೋನಿಟ್ಟೆ. ಆಮೇಲೆ, ಅವಳು ಉತ್ತರ ಕೊಟ್ಟದ್ದು ನನಗೋ ಅವನಿಗೋ ಎಂಬ ಯೋಚನೆಯಲ್ಲಿ ಸಂಜೆಯವರೆಗೂ ಒಂದು ಕೆಲಸವೂ ಸಾಗಲಿಲ್ಲ.