ಶಹಾಪುರ ಸಂತೆಯಲ್ಲಿ ಅವ್ವ ಕಾಯ್ದ ಕಾರು

ಗೆಳೆಯರೇ, ಇವತ್ತು ಶಹಾಪುರ ಸಂತೆಯ ಬಳಿ ಕಾರು ನಿಲ್ಲಿಸಿದ್ದೇ ತಡ, ಕುರಿ ಕಾಯ್ದು ನನ್ನನ್ನು ಓದಿಸಿದ ಅವ್ವ ಹಿಂದಿನ ಸೀಟಿನಲ್ಲಿದ್ದ ಉತ್ತರಪತ್ರಿಕೆಗಳ ಚೀಲವನ್ನು ತಲೆ ಮೇಲೆ ಹೊತ್ತಳು. ಮುಂದಿನ ಸೀಟಿನೆದುರಿನ ಖಾಲಿ ಡ್ರಾಯರನ್ನೂ ತೆರೆದಿಟ್ಟಳು.

"ಲಾಕ್ ಮಾಡೀನಿ ಬಿಡವ್ವ, ಮಂದಿ ನಗ್ತಾರ."

"ಖಾಲಿ ಕುರಿಹಟ್ಟಿ ಬಾಗಲಾ ತೆರದಿಟ್ರ ತ್ವಾಳ ಇಣುಕಿ ನೋಡಿ ಹೊಳ್ಳಿ ಹೋಗ್ತದ. ನಡಿ."

ಮರಳಿದಾಗ ಪಕ್ಕದ ಕಾರಿನ ಗಾಜು ಒಡೆದಿತ್ತು, ಸೀಟಿನ ಮೇಲಿದ್ದ ಲ್ಯಾಪ್‌ಟಾಪ್ ಹೋಗಿತ್ತು. ನಮ್ಮ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಕಳವಿನ ವಿಚಾರಣೆಗೆ ಬಂದು ಅವ್ವನ ಉಪಾಯ ಕೇಳಿದ ಪೊಲೀಸಪ್ಪ, "ಇದನ್ನ ಯಾರು ಕಲಿಸ್ಯಾರವ್ವ ನಿಮಗ?" ಎಂದ.

ಅವ್ವ ನನ್ನತ್ತ ಕೈ ತೋರಿಸಿದಳು. "ನನ್ನ ಮಗಳು ಟೀಚರ್ ಅದಾಳ್ರಿ."

ನಾನು ತಿದ್ದಲಿಲ್ಲ. ಕಾರು ಎರಡೇ ಹೆಜ್ಜೆ ದೂರವಿತ್ತು. ಆದರೂ ಮಂದಿಯೆಲ್ಲಾ ನೋಡಲೆಂದು ಆ ಚೀಲವನ್ನು ನನ್ನ ತಲೆಗೇರಿಸಿಕೊಂಡೆ.