ಖಾಲಿ ಕೊಡಬಾರದ ಮಡಕೆ

ಹೆಂಡತಿಯ ಜ್ವರ ನ್ಯುಮೋನಿಯಾಕ್ಕೆ ತಿರುಗಬಹುದಿತ್ತು. ಮೊದಲೇ ಇದ್ದ ಬಿಪಿ ನೆತ್ತಿಗೇರಬಹುದಿತ್ತು. ಪ್ರಾಸ್ಪರ್ ಊರಿನ ನಮ್ಮ ಬಡಾವಣೆಯಲ್ಲಿ ಆಂಬುಲೆನ್ಸ್ ದಾರಿ ತಪ್ಪಬಹುದಿತ್ತು. ಮನೆಗಳೆಲ್ಲ ಒಂದೇ ಅಚ್ಚಿನವು, ನಾನೇ ಒಮ್ಮೆ ಯಾರದೋ ಗರಾಜಿನ ಮುಂದೆ ಕಾರು ನಿಲ್ಲಿಸಿ ರಿಮೋಟ್ ಒತ್ತಿ ಒತ್ತಿ ಬೈದುಕೊಂಡಿದ್ದೇನೆ. ಆಸ್ಟಿನ್‌ನಲ್ಲಿ ಓದುವ ಮಗಳು ಗಾಬರಿಯಲ್ಲಿ ಡ್ರೈವ್ ಮಾಡಿಕೊಂಡು ಹೊರಟು ಹೈವೇಯಲ್ಲಿ ಏನಾದರೂ ಮಾಡಿಕೊಳ್ಳಬಹುದಿತ್ತು. ಇವೆಲ್ಲಕ್ಕೂ ಮೊದಲು ಚಿಂತೆಯಿಂದ ನನ್ನ ಎದೆಯೇ ಒಡೆದು, ಜ್ವರದಲ್ಲಿದ್ದವಳೇ ಎದ್ದು ನನ್ನನ್ನು ನೋಡಿಕೊಳ್ಳಬೇಕಾಗಬಹುದಿತ್ತು. ಚಿಂತಿಸುವುದರಲ್ಲಿ ನನಗೆ ರೆಸ್ಯುಮೆಯಲ್ಲಿ ಹಾಕಿಕೊಳ್ಳುವಷ್ಟು ಅನುಭವವಿದೆ.

ಅವಳ ಕೆಮ್ಮು ಪಕ್ಕದ ಮನೆಗೂ ಕೇಳಿಸಿರಬೇಕು. ಅಲ್ಲಿಯ ಚೀನೀ ಅಜ್ಜಿ ಮಾಸ್ಕ್ ಹಾಕಿಕೊಂಡು ಬಂದು, ಮುಚ್ಚಳದ ಮಣ್ಣಿನ ಮಡಕೆಯೊಂದನ್ನು ಬಾಗಿಲಲ್ಲಿಟ್ಟು, ಕುಡಿಯುವಂತೆ ಸನ್ನೆ ಮಾಡಿ ಹೋದರು. ಒಳಗೆ ಕಪ್ಪು ಕಷಾಯ. ಅವರ ಮೊಮ್ಮಗಳು ಮೆಸೇಜಿನಲ್ಲಿ ವಿವರಿಸಿದಳು: ಹನಿಸಕಲ್ ಹೂವು, ಇನ್ಯಾವುದೋ ಕಾಯಿ, ಲಿಕೋರೈಸ್ ಬೇರು. ಲಿಕೋರೈಸ್ ಬಿಪಿ ಏರಿಸುತ್ತದೆ ಎಂದು ಗೂಗಲ್ ಹೇಳಿತು. ಮಡಕೆಯನ್ನು ಒಲೆಯಾಚೆ ಸರಿಸಿದೆ.

"ನಿಮ್ಮಮ್ಮನ ಕಷಾಯ ಆದ್ರೆ ಮೂಗು ಹಿಡಿದು ಕುಡಿಸ್ತೀರ, ಪಾಪ ಆ ಅಜ್ಜಿದನ್ನ ಮಾತ್ರ ಗೂಗಲ್ ಮಾಡ್ತೀರ," ಎಂದಳು ಹೆಂಡತಿ, ಪದಪದಕ್ಕೂ ಏದುಸಿರು ಬಿಡುತ್ತ.

ಮಿಸೌರಿ ಸಿಟಿಯಲ್ಲಿ ಡಾಕ್ಟರಾಗಿರುವ ನನ್ನಕ್ಕನಿಗೆ ಫೋನ್ ಮಾಡಿ, ಚೀನೀ ಕಷಾಯದಿಂದ ಹೆಂಡತಿಯನ್ನು ಕಾಪಾಡಿದ್ದನ್ನು ಹೇಳಿಕೊಂಡೆ.

"ಒಳ್ಳೇದು. ನೀನೇನು ಕೊಡ್ತಿದ್ದೀಯ?"

"ಅಮ್ಮನ ಕಷಾಯ. ಹೊತ್ತುಹೊತ್ತಿಗೆ."

"ಏನೇನು ಹಾಕಿ?"

"ಶುಂಠಿ, ಮೆಣಸು, ಅತಿಮಧುರ. ಅತಿಮಧುರ ಸ್ವಲ್ಪ ಜಾಸ್ತೀನೇ, ಗಂಟಲಿಗೆ ಹಿತ ಅಂತ."

"ಅದೇ ಕಣೋ ಲಿಕೋರೈಸು, ಪೆದ್ದ. ಮೊದಲು ಅದನ್ನ ನಿಲ್ಸು. ಬಿಪಿ ನೋಡು. ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ ಎಷ್ಟಿದೆ ಹೇಳು."

ಬಿಪಿ ಏರಿತ್ತು. ಆಕ್ಸಿಜನ್ ಇಳಿದಿತ್ತು. ಅಂಕಿ ಕೇಳಿ ಅಕ್ಕ ಪೆದ್ದ ಅನ್ನುವುದನ್ನೂ ಬಿಟ್ಟಳು. "ಈಗಲೇ ಆಸ್ಪತ್ರೆ ಇಆರ್‌ಗೆ ಹೊರಡು," ಎಂದಳು ಅಷ್ಟೇ.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿ ಮಲಗಿಸಿದರು. ಏರಿಳಿಯುವ ಅವಳ ಎದೆಯನ್ನು ನೋಡುತ್ತ ಕೂತೆ. ಕಣ್ಣು ಕದಲಿಸಿದರೆ ನಿಂತುಬಿಡುತ್ತದೆ ಎಂಬಂತೆ ನೋಡುತ್ತಿದ್ದೆ. ಮಗಳು ದಿನವೂ ಫೋನಿನಲ್ಲಿ "ಈಸ್ ಶೀ ಬ್ರೀದಿಂಗ್ ಓಕೆ?" ಎನ್ನುವಳು, "ಹೂಂ" ಎನ್ನುವೆ. ಆ ಹೂಂ ಬಹಳ ದಿನ ಸುಳ್ಳಾಗಿತ್ತು. ಆಮೇಲೊಂದು ದಿನ ನಳಿಕೆ ತೆಗೆದರು. ಅವಳು ತಾನೇ ಉಸಿರಾಡಿದಳು.

ಮನೆಗೆ ಬಂದಾಗ ಮಡಕೆ ಇಟ್ಟಲ್ಲೇ ಇತ್ತು. ಕಷಾಯ ಬೂಷ್ಟು ಹಿಡಿದಿತ್ತು; ಮುಚ್ಚಳ ತೆಗೆದ ನಾನು ನಾತಕ್ಕೆ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲೇ ನಿಂತಿದ್ದ ಅವಳು ಮುಖ ಕಿವುಚಲಿಲ್ಲ. ನಾನೇ ತಿಕ್ಕಿ ತೊಳೆದು, ಕೊಟ್ಟು ಬರಲು ಹೊರಟೆ.

"ಖಾಲಿ ಪಾತ್ರೆ ಕೊಡ್ತಾರೇನ್ರೀ? ತಡೀರಿ, ನಾಲ್ಕು ರವೆ ಉಂಡೆ ಕಟ್ತೀನಿ," ಎಂದಳು. ಬೇಡವೆಂದರೂ ಕೇಳದೆ, ಬಾಣಲೆ ಇಟ್ಟು ತುಪ್ಪ ಹಾಕಿದಳು. ರವೆಯನ್ನು ಅವಳು ಯಾವತ್ತೂ ಗಡಿಯಾರ ನೋಡಿ ಹುರಿದವಳಲ್ಲ. ಘಮ ಬಂದಾಗ ಇಳಿಸುವುದು ರೂಢಿ.

ಹಾಲ್‌ನಲ್ಲಿ ಕೂತಿದ್ದ ನನಗೆ ಸೀದ ವಾಸನೆ ಬಡಿಯಿತು. ಓಡಿದೆ. ಅಡುಗೆಮನೆಯ ತುಂಬ ಹೊಗೆ; ಬಾಣಲೆಯಲ್ಲಿ ರವೆ ಕಾಫಿಪುಡಿಯಂತಾಗಿತ್ತು. ಅವಳು ಕಿಟಕಿಯಾಚೆ ಅಜ್ಜಿಯ ಮನೆಯನ್ನು ನೋಡುತ್ತ, ನಿಧಾನವಾಗಿ ಕೈಯಾಡಿಸುತ್ತಿದ್ದಳು.

"ಇನ್ನೂ ಘಮ ಬರ್ಲಿಲ್ವಲ್ಲ ರೀ," ಎಂದಳು.