ಹೌಸಾಬಾಯಿ ಯಾವ ಪುಟದಲ್ಲಿದ್ದಾಳೆ?

ಗಂಡ ತೀರಿಕೊಂಡು ಇನ್ನೂ ತಿಂಗಳು ತುಂಬದ ಹೆಣ್ಣುಮಗಳೊಬ್ಬರು ನನ್ನ ಕೈಗೆ ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟು ಕೇಳಿದರು: "ಅಣ್ಣಾರ, ಇದರಾಗ ಮುಂದೇನಾತು, ಓದಿ ಹೇಳ್ತೀರೇನ್ರಿ?"

ಮುಖಪುಟದ ಮೇಲೆ ಕಪ್ಪು ಆಕಾಶ, ಚೆಲ್ಲಿದ ನಕ್ಷತ್ರ, ನಡುವೆ ಒಂದು ಗಗನನೌಕೆ. ನನಗೆ ಆ ನೌಕೆಯ ಗುರುತು ಹತ್ತಿತು. ನಿಮಗೂ ಹತ್ತಬಹುದು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಟಿವಿ ಮುಂದೆ ಕೂತವರಿಗೆಲ್ಲ ಅದರ ಪರಿಚಯ ಇದ್ದೇ ಇದೆ.

ತೀರಿಕೊಂಡವನು ನನ್ನ ಗೆಳೆಯ ಅಪ್ಪಾಸಾಬ. ನಿಪ್ಪಾಣಿಯಲ್ಲಿ ಕಾಲೇಜು ಓದುವಾಗ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಮಾಲೀಕರ ಮನೆಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿವಿ. ಭಾನುವಾರ ಬಂತೆಂದರೆ ನಾವಿಬ್ಬರೂ ಸ್ನಾನ ಮುಗಿಸಿ ಅವರ ಪಡಸಾಲೆಯ ಮೂಲೆಯಲ್ಲಿ ಹಾಜರು. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅಪ್ಪಾಸಾಬ ತುಂಬುತ್ತಿದ್ದ. (ಎಷ್ಟು ಸರಿ ತುಂಬುತ್ತಿದ್ದನೋ, ಆ ದೇವರೇ ಬಲ್ಲ.)

ಒಂದು ಭಾನುವಾರ ಆ ಸೀರಿಯಲ್ ಬರಲಿಲ್ಲ. ಮುಂದಿನ ವಾರವೂ ಇಲ್ಲ. ನಾನು ಮರೆತೆ. ಅವನು ಮರೆಯಲಿಲ್ಲ. ಹಳೇ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ಹುಡುಕಿ ತಂದ. ಅದೇ ನೌಕೆ, ಅದೇ ಕ್ಯಾಪ್ಟನ್, ಕಥೆ ಮಾತ್ರ ಟಿವಿಯಲ್ಲಿ ಬಾರದ್ದು. ಆ ಅಂಗಡಿಯ ಪಕ್ಕದಲ್ಲಿ ತಂಬಾಕಿನ ಗೋದಾಮು ಇದ್ದುದರಿಂದ ಪುಟ ತಿರುಗಿಸಿದರೆ ಸೀನು ಬರುತ್ತಿತ್ತು. ಕ್ಯಾಪ್ಟನ್ನನ ಅಂಗಿಯ ಬಣ್ಣ ಹಳದಿ ಎಂದು ನಮಗೆ ಗೊತ್ತಾದದ್ದೇ ಆ ಮುಖಪುಟದಿಂದ.

ಸೀರಿಯಲ್ ನಿಂತರೂ ಹೊರದೇಶದಲ್ಲಿ ಯಾರ್ಯಾರೋ ಆ ನೌಕೆಯ ಮೇಲೆ ಕಾದಂಬರಿ ಬರೆಯುತ್ತಲೇ ಇದ್ದಾರೆ, ಓದುವವರು ಓದುತ್ತಲೇ ಇದ್ದಾರೆ ಎಂಬುದು ಅವನಿಗೆ ದೊಡ್ಡ ಸಮಾಧಾನವಾಗಿತ್ತು. "ನೋಡಲೇ, ಇದಕ್ಕ ಮುಗಿಯೂದ ಅಂಬೂದ ಇಲ್ಲ," ಅನ್ನುತ್ತಿದ್ದ.

ಡಿಗ್ರಿ ಮುಗಿಸಿ ನಾನು ಚಿಕ್ಕೋಡಿಯಲ್ಲಿ ಬ್ಯಾಂಕು ಸೇರಿದೆ. ಅವನು ಅಥಣಿಯ ತನ್ನ ದ್ರಾಕ್ಷಿ ತೋಟಕ್ಕೆ ಮರಳಿದ. ಮದುವೆಯಾದ. ಕೊಲ್ಲಾಪುರ, ಮಿರಜಿಗೆ ಹೋದಾಗಲೆಲ್ಲ ಆ ಕಾದಂಬರಿಗಳನ್ನು ತರುತ್ತಾನೆಂದು ಗೊತ್ತಿತ್ತು. ಓದಿ ಏನು ಮಾಡುತ್ತಾನೆಂದು ಗೊತ್ತಿರಲಿಲ್ಲ.

ಅದು ತಿಳಿದದ್ದು ಅವನ ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದ ದಿನ.

ಅವನ ಹೆಂಡತಿ ಸುಶೀಲಾ ವೈನಿ (ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ) ಓದಿದ್ದು ಮರಾಠಿ ಶಾಲೆಯಲ್ಲಿ. ಇಂಗ್ಲಿಷ್ ಬಾರದು. ಶೆಡ್ಡಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಒಣದ್ರಾಕ್ಷಿ ಆರಿಸುವಾಗ ಅವನು ಈ ಕಾದಂಬರಿಗಳ ಕಥೆ ಹೇಳುತ್ತಿದ್ದನಂತೆ. ಕಡ್ಡಿ ಬೇರೆ, ಕಾಳು ಬೇರೆ ಮಾಡುತ್ತಾ, ಮದುವೆಯಾದಾಗಿನಿಂದ, ಪ್ರತಿ ಸುಗ್ಗಿಯಲ್ಲೂ.

"ಗಂಡಾ ಹೆಂಡತಿ ಮನಿ ಸುದ್ದಿ ಮಾತಾಡಿದ್ದು ನಾ ಕೇಳಿಲ್ಲಪಾ," ಎಂದರು ಬಾಗಿಲಲ್ಲಿ ಕೂತಿದ್ದ ಅಪ್ಪಾಸಾಬನ ತಾಯಿ. "ಬರೇ ಆಕಾಶದ ಸುದ್ದಿ."

ಕೊನೆಯ ಕಥೆ ಅರ್ಧಕ್ಕೆ ನಿಂತಿತ್ತು. ಆವತ್ತು ಮಧ್ಯಾಹ್ನ ಮೋಡ ಕವಿಯಿತು. ಒಣದ್ರಾಕ್ಷಿಗೆ ಹನಿ ಬಿದ್ದರೆ ಕೆಟ್ಟೀತು. "ಏಳ, ಮೊದಲ ಮ್ಯಾಲ ತಾಡಪತ್ರಿ ಮುಚ್ಚೂಣು. ಉಳದದ್ದು ನಾಳಿ ಹೇಳ್ತೀನಿ," ಎಂದು ಅವನು ಎದ್ದ. ಮರುದಿನ ನಾಷ್ಟಾಕ್ಕೆ ಕೂತವನಿಗೆ ಎದೆನೋವು. ಜೀಪಿನಲ್ಲಿ ಹಾಕಿಕೊಂಡು ಮಿರಜಿನ ದವಾಖಾನೆಗೆ ಹೊರಟರು. ಕಾಗವಾಡ ದಾಟುವುದರೊಳಗೆ ಎಲ್ಲ ಮುಗಿಯಿತು.

"ಬ್ಯಾರೆ ಏನೂ ಬ್ಯಾಡ್ರಿ ಅಣ್ಣಾರ," ಎಂದರು ವೈನಿ. "ಹೌಸಾಬಾಯಿನ ಹಡಗಕ್ಕ ವಾಪಸ್ ಕರಕೊಂಡ್ರೋ ಇಲ್ಲೋ, ಅಷ್ಟ ನೋಡಿ ಹೇಳ್ರಿ."

ಹೌಸಾಬಾಯಿ?

ಆ ನೌಕೆಯಲ್ಲಿ ಅಂಥ ಹೆಸರಿನವರು ಯಾರಿದ್ದರು? ಇರಲಿ, ಅಪ್ಪಾಸಾಬ ಎಲ್ಲರಿಗೂ ನಮ್ಮ ಕಡೆಯ ಹೆಸರಿಟ್ಟಿರಬೇಕು ಅಂದುಕೊಂಡೆ. ವೈನಿ ಹೇಳುತ್ತಾ ಹೋದರು. ಹೌಸಾಬಾಯಿ ಮೊದಲು ಹಡಗಿನ ಅಡುಗೆಯವಳು. ಗ್ರಹದಿಂದ ಗ್ರಹಕ್ಕೆ ಹೋಗುತ್ತಾ ನಕ್ಷತ್ರದ ನಕಾಶೆ ಓದುವುದನ್ನು ಕಲಿತಳು. ಆಮೇಲೆ ಹಡಗು ನಡೆಸುವುದನ್ನೂ ಕಲಿತಳು. ಕ್ಯಾಪ್ಟನ್ ತಪ್ಪಿದಾಗ ಮುಖಕ್ಕೆ ಹೇಳುವವಳು ಅವಳೊಬ್ಬಳೇ. ಈ ಕಥೆಯಲ್ಲಿ ಹಡಗಿನವರೆಲ್ಲ ಜ್ವರ ಬಂದು ಮಲಗಿದ್ದಾರೆ. ಔಷಧಿಯ ಗಿಡ ತರಲು ಅವಳೊಬ್ಬಳೇ ಕೆಳಗಿನ ಗ್ರಹಕ್ಕೆ ಇಳಿದಿದ್ದಾಳೆ. ಗಿಡವನ್ನು ಮೇಲೆ ಕಳಿಸಿದ್ದಾಳೆ. ಅಷ್ಟರಲ್ಲಿ ಮನುಷ್ಯರನ್ನು ಮೇಲೆಳೆದುಕೊಳ್ಳುವ ಯಂತ್ರ ಕೆಟ್ಟಿದೆ.

"ಅಲ್ಲಿಗೆ ಮೋಡ ಆತ್ರಿ," ಎಂದರು.

ಪುಸ್ತಕ ತಂದೆ. ಬ್ಯಾಂಕಿನ ಊಟದ ಬಿಡುವಿನಲ್ಲಿ ಓದಿದೆ. ಜ್ವರ ಇತ್ತು, ಗಿಡ ಇತ್ತು, ಯಂತ್ರ ಕೆಟ್ಟದ್ದೂ ಇತ್ತು. ಆದರೆ ಕೆಳಗೆ ಇಳಿದವನು ಕ್ಯಾಪ್ಟನ್. ಕೊನೆಯ ಅಧ್ಯಾಯದಲ್ಲಿ ಅವನನ್ನು ಸುಖವಾಗಿ ಮೇಲೆ ಕರೆದುಕೊಳ್ಳುತ್ತಾರೆ. (ಕ್ಯಾಪ್ಟನ್ ಸತ್ತರೆ ಮುಂದಿನ ಕಾದಂಬರಿ ಮಾರುವುದು ಹೇಗೆ?) ಅಡುಗೆಯವಳು ಇಲ್ಲ. ಯಾವ ಹೆಸರಿನಲ್ಲೂ ಇಲ್ಲ. ಆ ಹಡಗಿನಲ್ಲಿ ಊಟ ಕೊಡುವುದೇ ಒಂದು ಯಂತ್ರ. ನನ್ನ ಇಂಗ್ಲಿಷ್ ಮೇಲೆ ನನಗೇ ಅನುಮಾನ ಬಂದು ಮತ್ತೊಮ್ಮೆ ಮೊದಲಿನಿಂದ ಓದಿದೆ. ಇರಲಿಲ್ಲ.

ಹೋದ ಭಾನುವಾರ ಅಥಣಿಯ ಬಸ್ಸು ಹತ್ತಿದೆ. ಏನು ಹೇಳುವುದು? ಸುಳ್ಳು ಹೇಳುವುದೆಂದೇ ನಿಶ್ಚಯಿಸಿದೆ. ಹೌಸಾಬಾಯಿಯನ್ನು ಮೇಲೆ ಕರೆದುಕೊಂಡರು ಎಂದರಾಯಿತು. ಯಾರಿಗೆ ನಷ್ಟ? ಕೃಷ್ಣೆಯ ಸೇತುವೆ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಒಂದು ಒಳ್ಳೆಯ ಮುಕ್ತಾಯ ಕಟ್ಟಿಕೊಂಡಿದ್ದೆ.

ಶೆಡ್ಡಿನಲ್ಲಿ ವೈನಿ ಒಬ್ಬರೇ ಒಣದ್ರಾಕ್ಷಿ ಆರಿಸುತ್ತಿದ್ದರು, ಅತ್ತೆ ಬಾಗಿಲಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ನಿಲ್ಲಿಸಿದರು.

"ಕರಕೊಂಡಿಲ್ಲೇನ್ರಿ?"

"ವೈನಿ, ಹಂಗಲ್ಲ..."

"ಸತ್ಲೇನು? ಸತ್ತಿದ್ರ ಸತ್ಲು ಅಂತ ಹೇಳ್ರಿ. ನಾ ತಡಕೋತೀನಿ."

ಕಟ್ಟಿಕೊಂಡು ಬಂದ ಸುಳ್ಳನ್ನು ಹೇಳಲಿಲ್ಲ. "ಪುಸ್ತಕದಾಗ ಹೌಸಾಬಾಯಿನ ಇಲ್ರಿ ವೈನಿ," ಎಂದೆ.

"ಸಣ್ಣ ಅಕ್ಷರದಾಗ ಇರಬೇಕ್ರಿ. ಸರ್ಯಾಗಿ ನೋಡ್ರಿ."

"ಎರಡ ಸಲ ಓದೇನ್ರಿ."

ಅವರು ಪುಸ್ತಕ ಇಸಿದುಕೊಂಡರು. ಓದಲು ಬಾರದ ಪುಟಗಳನ್ನು ಒಂದೊಂದಾಗಿ ತಿರುಗಿಸಿದರು. ಎಲ್ಲಾದರೂ ಅವಳು ಮುಖ ತೋರಿಸಿಯಾಳು ಎಂಬಂತೆ. ಆಮೇಲೆ ಮೆಲ್ಲಗೆ ಹೇಳಿದರು.

"ಲಗ್ನ ಆದ ಹೊಸದಾಗಿ ನಾನ ಕೇಳಿದ್ದೆ. ಇಷ್ಟ ಗಂಡಸರು ಹಡಗದಾಗ ಹೊಂಟಾರ, ಇವರಿಗೆ ರೊಟ್ಟಿ ಯಾರ ಬಡೀತಾರ್ರಿ ಅಂತ. ಕೈಯಾಗಿನ ಕಾಳ ತಿರುವಿ ತಿರುವಿ ನೋಡಿದ್ರು. ಆಮ್ಯಾಲ, ಹೌಸಾಬಾಯಿ ಅಂತ ಒಬ್ಬಾಕಿ ಅದಾಳ ಅಂದ್ರು."

ನಕ್ಕರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ಗೊತ್ತಾಗಲಿಲ್ಲ. ಅತ್ತೆ ಬಾಗಿಲಿನಿಂದ ಎದ್ದು ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. "ಅಳಲಿ ಬಿಡಪಾ," ಎಂದು ನನಗೆ ಹೇಳಿದರು. "ಮಣ್ಣ ಕೊಟ್ಟ ದಿನಾನೂ ಅತ್ತಿದ್ದಿಲ್ಲ."

ಎಷ್ಟೋ ಹೊತ್ತಿನ ಮೇಲೆ ನಾನು ತಡೆಯಲಾರದೆ ಕೇಳಿದೆ. "ವೈನಿ, ನಾ ಒಂದ ಕೊನಿ ಮಾಡಿ ಹೇಳ್ಲೇನ್ರಿ? ಆಕಿನ್ನ ಕರಕೊಂಡ ಬರೋಣು."

"ಬ್ಯಾಡ್ರಿ ಅಣ್ಣಾರ. ನೀವ ಕರಕೊಂಡ ಬಂದ್ರ ಆಕಿ ಬ್ಯಾರೆ ಹೌಸಾಬಾಯಿ ಆಗತಾಳ." ಸೆರಗಿನಿಂದ ಮುಖ ಒರೆಸಿಕೊಂಡು ಬುಟ್ಟಿ ಹತ್ತಿರ ಎಳೆದುಕೊಂಡರು. "ಆಕಿ ಅಲ್ಲೇ ಇರ್ಲಿ ಬಿಡ್ರಿ. ನಾ ಇಲ್ಲಿ ಇಲ್ಲೇನು?"

ಚಹಾ ಕುಡಿದು ಎದ್ದೆ. ಪುಸ್ತಕವನ್ನು ನಾನೇ ಇಟ್ಟುಕೊಳ್ಳಲಿ ಎಂದು ಅತ್ತೆ ಅಂದರು. ವೈನಿ ಕೊಡಲಿಲ್ಲ.

ಸಂಜೆ ಚಿಕ್ಕೋಡಿಗೆ ಬಂದರೆ ನಮ್ಮ ಮನೆಯಲ್ಲಿ ಕೇಬಲ್ ಟಿವಿ ಜೋರಾಗಿ ನಡೆದಿತ್ತು. ಈಗ ಯಾವ ಸೀರಿಯಲ್ಲೂ ನಿಲ್ಲುವುದಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು. ನನ್ನ ಹೆಂಡತಿ ಅಡುಗೆಮನೆಯಿಂದ ಏನೋ ಹೇಳಿದಳು. ಯಾವತ್ತಿನ ಹಾಗೆ "ಹೂಂ" ಅಂದೆ. ಆಮೇಲೆ ಟಿವಿ ಆರಿಸಿ ಒಳಗೆ ಹೋಗಿ, "ಏನಂದಿ?" ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ಏನಿಲ್ಲ, ನಾಳಿ ಹೇಳ್ತೀನಿ," ಎಂದಳು.

ನಾಳೆ ಹೇಳುತ್ತೇನೆ ಎನ್ನುವವರನ್ನು ನಾವು ಅಷ್ಟು ಸುಲಭವಾಗಿ ಹೇಗೆ ನಂಬಿ ಮಲಗುತ್ತೇವೆ?